ಅತ್ತೆ ಮುಗಿಸಿದ ಬಟ್ಟೆ

ಭಾನುವಾರ ಬಂತೆಂದರೆ ಹೊಲಿಗೆಯಮ್ಮನ ಮಿಷನ್ನಿನ ಸದ್ದು ಜೋರಾಗುತ್ತಿತ್ತು. ವಾರದ ಮಿಕ್ಕ ದಿನಗಳಲ್ಲೂ ಅದೇ ಮಿಷನ್ನು, ಅದೇ ಕಾಲು, ಅದೇ ಶಾಲೆ ಮಕ್ಕಳ ಸಮವಸ್ತ್ರ. ಆದರೆ ಭಾನುವಾರ ಬೆಳಿಗ್ಗೆ ಅವಳ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇದ್ದ ನಾಲ್ಕು ಕೂದಲನ್ನು ನೀರು ಹಚ್ಚಿ ಬಾಚಿಕೊಂಡು, "ಹೊರಡೋಣವೇನಮ್ಮ?" ಎಂದು ಸೊಸೆಯನ್ನು ಕೇಳುವ ಕ್ಷಣಕ್ಕೆ ಸರಿಯಾಗಿ ಆ ಮಿಷನ್ನು ಸೇತುವೆ ಮೇಲಿನ ರೈಲಿನಂತೆ ಓಡತೊಡಗುತ್ತಿತ್ತು. ಒಳಗಿನಿಂದ ಹೊಲಿಗೆಯಮ್ಮ ಏನಾದರೂ ಹೇಳಿದ್ದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಹೇಳುತ್ತಲೂ ಇರಲಿಲ್ಲ ಅನ್ನಿ. ಅವಳಿಗೆ ಮಾತಿಗಿಂತ ಸದ್ದಿನ ಮೇಲೆ ನಂಬಿಕೆ ಹೆಚ್ಚು.

ಬೀದಿಯವರೆಲ್ಲ ಅವಳನ್ನು ಹೊಲಿಗೆಯಮ್ಮ ಎಂದೇ ಕರೆಯುತ್ತಿದ್ದರು. ಅಲ್ಲಿನ ಮಕ್ಕಳು ಬಹುಪಾಲು ಅವಳು ಹೊಲಿದ ಅಂಗಿಯಲ್ಲೇ ಬೆಳೆದವರು. ಅವಳು ಹಾಕಿದ ಕಾಜ ಹರಿದದ್ದನ್ನಾಗಲಿ, ಮಡಿಸಿ ಹೊಲಿದ ಅಂಚು ಬಿಚ್ಚಿಕೊಂಡದ್ದನ್ನಾಗಲಿ ಕಂಡವರಿಲ್ಲ. ಯಜಮಾನರು ಮುದ್ರಣಾಲಯವೊಂದರಲ್ಲಿ ಬಣ್ಣ ಬೆರೆಸುವ ಕೆಲಸ ಮಾಡಿ ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ಕಾಲ ಉಗುರಿನ ಸಂದಿಯಲ್ಲಿ ಮಸಿ ತುಂಬಿಕೊಂಡು ಬಂದು, ಉಂಡು, ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಮದುವೆಯಾದಂದಿನಿಂದ ಅವರು ಊಟದ ಹೊತ್ತಿನಲ್ಲಿ ಆಡಿದ ಮಾತನ್ನೆಲ್ಲ ಗುಡ್ಡೆ ಹಾಕಿದರೆ "ಉಪ್ಪು ಸಾಲದು", "ಸಾಕು", "ದೀಪ ಆರಿಸು" ಎನ್ನುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಮಾತು ಕಡಿಮೆಯ ಗಂಡಸು ಎಂದು ಹೊಲಿಗೆಯಮ್ಮ ಒಪ್ಪಿಕೊಂಡಿದ್ದಳು. ಕುಡಿತ ಇಲ್ಲ, ಮುಂಗೋಪ ಇಲ್ಲ, ಮಾತೂ ಇಲ್ಲ. ಎಲ್ಲವೂ ಒಂದೇ ಕಡೆ ಸಿಗುತ್ತದೆಯೇ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಮಾತೇ ಇಲ್ಲದ ಗಂಡನ ಜೊತೆ ಹೇಗೋ ಬಾಳಬಹುದು. ಮಾತು ಮೂಟೆಗಟ್ಟಲೆ ಇದೆ, ಆದರೆ ಅದು ನಿನ್ನ ಪಾಲಿಗಲ್ಲ ಎಂದು ಗೊತ್ತಾದ ಮೇಲೆ ಬಾಳುವುದು ಕಷ್ಟ.

ಗೊತ್ತಾದದ್ದು ಹೀಗೆ. ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಭಾನುವಾರ ಅವಳಿಗೆ ರಜೆ. ಮಗ ನಗರದ ಬಸ್ಸು ಓಡಿಸುವವನು, ಅವನಿಗೆ ಭಾನುವಾರವೇ ಹೆಚ್ಚು ಕೆಲಸ. ಸೊಸೆಗೆ ಚಿತ್ರ ನೋಡುವ ಹುಚ್ಚು. ಗಂಡನನ್ನು ಕರೆದರೆ, ಬಸ್ಸಿನ ಗಾಜಿನಲ್ಲಿ ದಿನವಿಡೀ ಊರನ್ನೇ ನೋಡುತ್ತೇನೆ, ಅದಕ್ಕಿಂತ ದೊಡ್ಡ ಚಿತ್ರ ಯಾವುದಿದೆ ಎಂದು ಜಾರಿಕೊಳ್ಳುತ್ತಿದ್ದ. ಹಳೆಯ ಅಂಚೆ ಕಚೇರಿಯ ಮೇಲಿನ ಸಭಾಂಗಣದಲ್ಲಿ ಅಚ್ಚಿನ ಚಿತ್ರಗಳ ಪ್ರದರ್ಶನ ನಡೆದಾಗ, ಆ ಕಡೆ ದಾರಿ ಗೊತ್ತಿಲ್ಲದ್ದರಿಂದ ಮಾವನನ್ನು ಜೊತೆಗೆ ಕರೆದಳು. ಯಜಮಾನರು ಔಷಧಿ ತರಲು ಹೊರಟವರ ಮುಖ ಹೊತ್ತುಕೊಂಡು ಹೋದರು. ಅಲ್ಲಿ ಯಾವುದೋ ಚಿತ್ರದ ಮುಂದೆ ನಿಂತು, ಇದರ ಕೆಂಪು ಒಣಗುವ ಮೊದಲೇ ಹಳದಿ ಹಾಕಿದ್ದಾರೆ ಎಂದು ಗೊಣಗಿದ್ದಾರೆ. ಪಕ್ಕದಲ್ಲೇ ನಿಂತಿದ್ದ ಕಲಾವಿದ, ಹೌದು ಸಾರ್, ಹೇಗೆ ಗೊತ್ತಾಯಿತು ಎಂದು ಕೇಳಿದ್ದಾನೆ. ಅಷ್ಟೇ. ಆ ಸಂಜೆ ಮನೆಗೆ ಬಂದ ಯಜಮಾನರು ಹೋದ ಯಜಮಾನರಲ್ಲ.

ಆಮೇಲೆ ಭಾನುವಾರ ತಪ್ಪಲಿಲ್ಲ. ಒಂದು ವಾರ ನೀರುಬಣ್ಣದ ಚಿತ್ರ, ಇನ್ನೊಂದು ವಾರ ಮಣ್ಣಿನ ಬೋಗುಣಿಗಳು, ಮತ್ತೊಂದು ವಾರ ತಂತಿಯಲ್ಲಿ ಮಾಡಿದ ಹಕ್ಕಿ, ಏನೂ ಇಲ್ಲದ ವಾರ ಯಾರೋ ತೆಗೆದ ಬರಿ ಬಾಗಿಲುಗಳ ಫೋಟೋ. ಬಾಗಿಲು ನೋಡುವುದಕ್ಕೆ ಬಸ್ಸು ಹತ್ತಿ ಹೋಗಬೇಕೇ, ಮನೆಯಲ್ಲಿ ನಾಲ್ಕಿವೆಯಲ್ಲ ಎಂದು ಹೊಲಿಗೆಯಮ್ಮ ಕತ್ತರಿಗೆ ಹೇಳಿಕೊಂಡಳು. ಅವರಿಬ್ಬರೂ ಸಂಜೆ ನಗುತ್ತಾ ಮೆಟ್ಟಿಲು ಹತ್ತುವುದು ಅವಳಿಗೆ ಕೇಳಿಸುತ್ತಿತ್ತು. ಬಾಗಿಲು ತೆರೆಯುತ್ತಿದ್ದಂತೆ ನಗು ನಿಲ್ಲುತ್ತಿತ್ತು. ಅದು ಇನ್ನೂ ಉರಿಸುತ್ತಿತ್ತು.

ಊಟಕ್ಕೆ ಕೂತರೆ ಮಾತು ಅವಳ ತಲೆಯ ಮೇಲಿಂದ ಹಾರಾಡುತ್ತಿತ್ತು.

"ಮಾವ, ಆ ಮೂಲೆ ಚಿತ್ರದ ನೀಲಿ ನೋಡಿದ್ರಾ?"

"ಅದು ಬರೀ ನೀಲಿ ಅಲ್ಲಮ್ಮ. ಒಂದು ತೊಟ್ಟು ಕಪ್ಪು ಬಿದ್ದಿದೆ. ಇಲ್ಲದಿದ್ರೆ ಅಷ್ಟು ತಣ್ಣಗೆ ಕಾಣೋದಿಲ್ಲ."

"ಆಲೂಗಡ್ಡೆನೂ ತಣ್ಣಗಾಗ್ತಿದೆ. ತಿನ್ನಿ," ಎಂದಳು ಹೊಲಿಗೆಯಮ್ಮ.

ಆ ನೀಲಿಯ ಮಾತು ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತು. ಇಪ್ಪತ್ತು ವರ್ಷದಿಂದ ಅವಳು ಹೊಲಿಯುತ್ತಿದ್ದದ್ದೇ ನೀಲಿ ಬಟ್ಟೆ. ಮನೆಯ ಮೂಲೆಮೂಲೆಯಲ್ಲಿ ನೀಲಿ ಚೂರು, ನೀಲಿ ದಾರ, ಅವಳ ಬೆರಳ ತುದಿಯೇ ನೀಲಿ. ಆ ನೀಲಿ ತಣ್ಣಗಿದೆಯೋ ಬೆಚ್ಚಗಿದೆಯೋ ಎಂದು ಈ ಮಹಾನುಭಾವರು ಒಂದು ದಿನ ಕೇಳಿದ್ದುಂಟೇ? ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ ಹಿರಿಯರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡಬೇಕು. ಹೊಲಿಗೆಯಮ್ಮನ ಹೊಟ್ಟೆಕಿಚ್ಚಿನಲ್ಲಿ ಕೊಳಕು ಅನುಮಾನವೇನೂ ಇರಲಿಲ್ಲ. ಸೊಸೆ ಮಗಳಂಥವಳು, ಯಜಮಾನರು ದೇವರಂಥವರು. ಹೋಗಲಿ, ದೇವರ ಹಾಗೆ ಬಾಯಿಬಿಡದವರು. ಅವಳಿಗೆ ಬೇಕಿದ್ದದ್ದು ಆ ಮಾತು. ಮೂವತ್ತು ವರ್ಷ ತನ್ನ ಮನೆಯ ಹಂಡೆಯಲ್ಲೇ ತುಂಬಿದ್ದ ನೀರನ್ನು ನಿನ್ನೆ ಬಂದವಳು ಚೊಂಬು ಹಾಕಿ ಮೊಗೆದುಕೊಂಡು ಹೋದಳಲ್ಲ ಎಂಬುದೇ ಅವಳ ಸಂಕಟ. ಎದುರು ಮನೆಯ ನರ್ಸಮ್ಮ ಬೇರೆ, ನಿಮ್ಮ ಸೊಸೆ ಪುಣ್ಯ ಮಾಡಿದ್ದಾಳೆ, ಇಂಥ ಮಾವ ಯಾರಿಗೆ ಸಿಗುತ್ತಾರೆ ಎಂದು ಅಂಗಿಯ ಅಳತೆ ಕೊಡುವಾಗಲೆಲ್ಲ ಹೇಳಿ ಹೋಗುತ್ತಿದ್ದಳು. ಆ ಅಂಗಿಯ ಕಂಕುಳು ಸ್ವಲ್ಪ ಬಿಗಿಯಾದದ್ದು ಆಕಸ್ಮಿಕವಲ್ಲ.

ಉರಿ ಇದ್ದಲ್ಲಿ ಹೊಗೆ ಕಾಣಲೇಬೇಕು. ಬೇಯಿಸಿದ ಮೊಟ್ಟೆಗಳಲ್ಲಿ ಚಿಕ್ಕದು ಯಜಮಾನರ ತಟ್ಟೆಗೆ ಬೀಳತೊಡಗಿತು. ಅವರ ಭಾನುವಾರದ ಅಂಗಿಯ ಗುಂಡಿ ಬಿದ್ದು ವಾರವಾದರೂ ದರ್ಜಿಯ ಮನೆಯಲ್ಲಿ ಅದನ್ನು ಹಚ್ಚುವ ಕೈ ಬಿಡುವಾಗಲಿಲ್ಲ. ಕೊನೆಗೆ ಸೊಸೆಯೇ ಹಚ್ಚಿಕೊಟ್ಟಳು, ಅದೂ ಕೆಂಪು ದಾರದಲ್ಲಿ. ಯಜಮಾನರು ಅದನ್ನು ನೋಡಿ, ಬಿಳಿ ಅಂಗಿಗೆ ಕೆಂಪು ದಾರ ಚೆನ್ನಾಗೇ ಇದೆ ಎಂದರು. ಅಂದು ಸ್ನಾನದ ಮನೆಯ ಬಕೆಟ್ಟು ಎರಡು ಸಲ ಬಿತ್ತು.

ಒಂದು ಭಾನುವಾರ ಹೊಲಿಗೆಯಮ್ಮನೇ ಒಂದು ಹೆಜ್ಜೆ ಮುಂದೆ ಬಂದಳು. ಬೆಳಿಗ್ಗೆ ಬೇಗ ಅಡಿಗೆ ಮುಗಿಸಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು, ಮದುವೆ ಮನೆಗೆ ಹೋಗುವಾಗ ಹಾಕುವ ಚಪ್ಪಲಿ ಮೆಟ್ಟಿ, ಅವರಿಬ್ಬರೂ ಹೊರಡುವ ಹೊತ್ತಿಗೆ ಬಾಗಿಲ ಬಳಿ ನಿಂತಳು. ಎಲ್ಲಿಗೆ ಎಂದು ಕೇಳಿದರೆ ದಾರ ತರಬೇಕು ಎಂದಳು. ನೀನೂ ಬಾ ಎಂದರೆ ಬೇಡ ಎಂದು ಎರಡು ಸಲ ಹೇಳಿ ಮೂರನೆಯ ಸಲ ಒಪ್ಪುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು.

"ಹಾಗಾದ್ರೆ ಬರ್ತಾ ಬ್ರೆಡ್ಡೂ ತಗೊಂಡು ಬಾ," ಎಂದರು ಯಜಮಾನರು, ಮತ್ತು ಮೆಟ್ಟಿಲಿಳಿದು ಹೋದರು.

ಹೊಲಿಗೆಯಮ್ಮ ಅಂಗಡಿಗೆ ಹೋಗಿ ಬೇಡದ ದಾರ ಕೊಂಡಳು, ಬ್ರೆಡ್ಡೂ ಕೊಂಡಳು. ಬೇಕೆಂದೇ ನಿನ್ನೆಯ ಬ್ರೆಡ್ಡು ಕೇಳಿ ತಂದಳು.

ಇಷ್ಟರ ಮಧ್ಯೆ ಸೊಸೆ ಒಂದು ಕೈಕೆಲಸದ ಕೂಟಕ್ಕೂ ಸೇರಿದ್ದಳು. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಶನಿವಾರ ಸಂಜೆ ಹತ್ತಾರು ಜನ ಕೂತು ಹೆಣೆಯುವವರು ಹೆಣೆಯುತ್ತಾ, ಕೆತ್ತುವವರು ಕೆತ್ತುತ್ತಾ ಹರಟೆ ಹೊಡೆಯುತ್ತಿದ್ದರು. ಅದನ್ನು ನಡೆಸುತ್ತಿದ್ದದ್ದು ನಿವೃತ್ತ ಶಿಕ್ಷಕಿ. ಅವರ ಕೋಟಿನ ಮೇಲೆ ಒಂದಕ್ಕೊಂದು ಹೊಂದದ ಗುಂಡಿಗಳಿದ್ದುದರಿಂದ ಎಲ್ಲರಿಗೂ ಅವರು ಗುಂಡಿ ಟೀಚರ್. ಸೊಸೆ ಅತ್ತೆಯ ಬಳಿ ಬಂದು, ಸಮವಸ್ತ್ರ ಕತ್ತರಿಸಿ ಉಳಿದ ಚೂರು ಬಟ್ಟೆ ಕೊಡುತ್ತೀರಾ ಎಂದು ಕೇಳಿದಳು. ಹೊಲಿಗೆಯಮ್ಮ ಕೊಟ್ಟಳು. ಒಂದೆರಡು ವಾರದ ಮೇಲೆ ಸೊಸೆ ಆ ಚೂರುಗಳನ್ನು ಒಂದು ಬಟ್ಟೆಯ ಮೇಲೆ ಜೋಡಿಸಿ ತಂದು ಸಂಕೋಚದಿಂದ ತೋರಿಸಿದಾಗ, "ಇದೇನು, ನೆಲ ಒರೆಸೋದಕ್ಕಾ?" ಎಂದು ಕೇಳಿಬಿಟ್ಟಳು.

ಸೊಸೆ ಬಟ್ಟೆ ಮಡಿಸಿ ಒಳಗಿಟ್ಟಳು. ಆಮೇಲೆ ಅದನ್ನು ಅತ್ತೆಗೆ ತೋರಿಸಲಿಲ್ಲ. ಮಾವನಿಗೆ ತೋರಿಸುತ್ತಿದ್ದಳು. ಮಾವ ಕನ್ನಡಕ ಏರಿಸಿ ಇಳಿಸಿ, ಇಲ್ಲಿ ಸ್ವಲ್ಪ ಬೂದು ಇರಲಿ, ಅಲ್ಲಿ ಬಿಳಿ ಹೆಚ್ಚಾಯಿತು ಎನ್ನುತ್ತಿದ್ದರು. ಕೂಟದವರ ವಾರ್ಷಿಕ ಪ್ರದರ್ಶನ ಹತ್ತಿರ ಬಂದಂತೆ ಊಟದ ಮೇಜಿನ ಮೇಲೆ ಬೇರೆ ಮಾತೇ ಇಲ್ಲದಾಯಿತು. ಒಂದು ದಿನ ಹೊಲಿಗೆಯಮ್ಮ ಸೌಟು ಕೆಳಗಿಟ್ಟು, ಊಟದ ಹೊತ್ತಿಗೆ ಪ್ರದರ್ಶನದ ಸುದ್ದಿ ಯಾರೂ ಎತ್ತಕೂಡದು, ಎತ್ತುವವರು ತಟ್ಟೆ ಎತ್ತಿಕೊಂಡು ಅಲ್ಲೇ ಹೋಗಿ ಉಣ್ಣಲಿ ಎಂದು ಅಪ್ಪಣೆ ಮಾಡಿದಳು. ಮಗ, ಹಾಗಾದರೆ ಬಸ್ಸಿನ ಸುದ್ದಿ ಹೇಳಲೇ ಎಂದು ಕೇಳಿದ. ಯಾರೂ ಬೇಡವೆನ್ನಲಿಲ್ಲ, ಯಾರೂ ಕೇಳಲೂ ಇಲ್ಲ.

ಪ್ರದರ್ಶನಕ್ಕೆ ಮೂರು ದಿನವಿದ್ದಾಗ, ಗುರುವಾರ, ಸೊಸೆ ಅಂಗಡಿಗೆ ಹೋಗಿದ್ದಳು. ಯಜಮಾನರು ಗುಂಡಿ ಟೀಚರಿಗೆ ಹಲಗೆ ನಿಲ್ಲಿಸಿಕೊಡಲು ಗ್ರಂಥಾಲಯಕ್ಕೆ ಹೋಗಿದ್ದರು. ಸ್ವಂತ ಮನೆಯ ಅಡಿಗೆಕೋಣೆಯ ಅಲುಗಾಡುವ ಹಲಗೆಗೆ ಎರಡು ವರ್ಷದಿಂದ ಮೊಳೆ ಹೊಡೆಯದವರು. ಹೊಲಿಗೆಯಮ್ಮ ಒಗೆದ ಬಟ್ಟೆ ಇಡಲು ಮಗನ ಕೋಣೆಗೆ ಹೋದರೆ, ಮಂಚದ ಮೇಲೆ ಆ ಬಟ್ಟೆ ಹರಡಿತ್ತು.

ಬೇಡ ಬೇಡವೆಂದುಕೊಳ್ಳುತ್ತಲೇ ನೋಡಿದಳು. ಅದರ ಮೇಲೆ ಬಟ್ಟೆ ಒಣಹಾಕಿದ ತಾರಸಿಯೊಂದರ ಚಿತ್ರ. ನೀಲಿ ಚೂರು, ಬಿಳಿ ಚೂರು, ಬೂದು ಚೂರುಗಳಲ್ಲಿ ಮನೆಗಳ ಗೋಡೆ, ಅಡ್ಡಡ್ಡ ಹಗ್ಗ, ಹಗ್ಗದ ಮೇಲೆ ಪುಟ್ಟಪುಟ್ಟ ಅಂಗಿ. ಚೆನ್ನಾಗಿತ್ತು. ಆ ಮಾತು ಒಳಗೆ ಎದ್ದ ಕೂಡಲೇ ಹೊಲಿಗೆಯಮ್ಮನಿಗೆ ಬಾಯೆಲ್ಲ ಕಹಿಯಾಯಿತು. ಮರುಕ್ಷಣ ಅವಳ ಕಣ್ಣು ತಪ್ಪು ಹುಡುಕಿತು, ಮತ್ತು ಬೇಕಾದಷ್ಟು ಸಿಕ್ಕಿತು. ಅಂಚು ಮಡಿಸಿಲ್ಲ, ನೂಲು ಎದ್ದಿದೆ. ಹಗ್ಗದ ಕೆಳಗೆಲ್ಲ ಕೆಂಪು, ಹಳದಿ ದಾರಗಳು ಗಂಟಿಲ್ಲದೆ ಜೋತಾಡುತ್ತಿವೆ. ಒಂದು ಕಡೆಯ ಗೋಡೆ ಬರೀ ಕಚ್ಚಾ ಹೊಲಿಗೆಯಲ್ಲಿ ನಿಂತಿದೆ. ಎಲ್ಲಕ್ಕಿಂತ ಮಿಗಿಲಾಗಿ, ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ಬಿಟ್ಟು ಹೋಗಿದ್ದಾಳೆ. ಬಟ್ಟೆಯಲ್ಲಿ ಸೂಜಿ ಬಿಡುವುದೆಂದರೆ ದರ್ಜಿಯ ಮನೆಯಲ್ಲಿ ಒಲೆ ಆರಿಸದೆ ಹೊರಗೆ ಹೋದಷ್ಟೇ ದೊಡ್ಡ ಅಪರಾಧ.

ಹೊಲಿಗೆಯಮ್ಮನ ಮನೆಯಿಂದ ಇಂಥದ್ದು ಹೋಗಿ ಊರ ಮುಂದೆ ತೂಗಾಡಿದರೆ ಜನ ಏನೆಂದಾರು ಎಂದು ಅವಳು ಯೋಚಿಸಿದಳು. ಅದು ನಿಜವಾದ ಯೋಚನೆಯೇ. ಅದರ ಬೆನ್ನಿಗೇ ಇನ್ನೊಂದಿತ್ತು. ತಾನು ಮಡಿಸಿ ಹೊಲಿದರೆ, ಅಂಚು ನೋಡಿದ ಕೂಡಲೇ ಯಜಮಾನರು, ಇದು ಯಾರ ಕೈ ಎಂದು ಕೇಳುತ್ತಾರೆ. ಕೇಳಲೇಬೇಕು. ಆಗ ನಾಲ್ಕು ಮಾತು ತನ್ನ ಪಾಲಿಗೂ ಬರುತ್ತದೆ.

ಶಾಲೆಯ ಕೆಲಸ ಬದಿಗಿಟ್ಟು ಕೂತಳು. ಜೋತಾಡುವ ದಾರವನ್ನೆಲ್ಲ ಕಚಕ್ಕನೆ ಕತ್ತರಿಸಿದಳು. ಸೂಜಿ ಕಿತ್ತು ಡಬ್ಬಿಗೆ ಹಾಕಿದಳು. ಕಚ್ಚಾ ಹೊಲಿಗೆಯ ಗೋಡೆಯನ್ನು ಭದ್ರ ಮಾಡಿದಳು. ನಾಲ್ಕು ಕಡೆ ಅಂಚು ಮಡಿಸಿ, ಮಿಷನ್ನಿನಲ್ಲಿ ಎರಡೆರಡು ಸಾಲು ಹೊಡೆದು, ನೀರು ಚಿಮುಕಿಸಿ ಇಸ್ತ್ರಿ ಮಾಡಿದಳು. ಮಧ್ಯಾಹ್ನದ ಕಸದ ಗಾಡಿಗೆ ಚೂರು ದಾರಗಳನ್ನು ಬುಟ್ಟಿ ಸಮೇತ ಸುರಿದು ಬಂದಳು. ಬಹಳ ದಿನದ ಮೇಲೆ ಅವಳಿಗೆ ಹಸಿವಾಯಿತು, ಹೊಟ್ಟೆ ತುಂಬ ಉಂಡಳು.

ಸಂಜೆ ನಾಲ್ವರೂ ಇದ್ದಾಗ ಬಟ್ಟೆಯನ್ನು ತಾನೇ ತಂದು ಮೇಜಿನ ಮೇಲೆ ಹರಡಿದಳು.

ಸೊಸೆ ಅಂಚನ್ನು ಮುಟ್ಟಿ ನೋಡಿದಳು. "ಇದನ್ನ ಏನು ಮಾಡಿದ್ರಿ ಅತ್ತೆ?"

"ಮುಗಿಸಿದೆ."

"ಮುಗಿಸಿಬಿಟ್ರಾ?"

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಅವಳು ಬಯಸಿದ ಪ್ರಶ್ನೆಯನ್ನು ಅವರು ಕೇಳಲಿಲ್ಲ. "ಈ ಸಲದ ಪ್ರದರ್ಶನಾನೇ ಮುಗಿಯದ ಕೆಲಸದ್ದು ಕಣೇ," ಎಂದರು. "ಎಲ್ಲರೂ ಅರ್ಧಕ್ಕೆ ನಿಂತದ್ದನ್ನ, ಸೂಜಿ ಉಳಿ ಸಮೇತ, ಹಾಗೇ ತಂದಿಡಬೇಕು. ಮುಗಿದದ್ದನ್ನ ತಗೊಳ್ಳೋದೇ ಇಲ್ಲ."

ಹೊಲಿಗೆಯಮ್ಮ ಇದನ್ನು ತಮಾಷೆ ಎಂದುಕೊಂಡಳು. ಮೂವರ ಮುಖ ನೋಡಿದ ಮೇಲೆ ತಮಾಷೆಯಲ್ಲ ಎಂದು ಗೊತ್ತಾಯಿತು. ಅರ್ಧ ಬೆಂದದ್ದನ್ನು ಬಡಿಸಿ ಯಾರಾದರೂ ನೆಂಟರನ್ನು ಕರೆಯುತ್ತಾರೆಯೇ, ಇದು ಯಾವ ಸೀಮೆಯ ಪ್ರದರ್ಶನ ಎಂದು ಜೋರು ಮಾಡಿದಳು. ತನಗೆ ಯಾರೂ ಹೇಳಲಿಲ್ಲ ಎಂದಳು.

"ಹೇಳಕೂಡದು ಅಂದೋಳು ನೀನೇ," ಎಂದರು ಯಜಮಾನರು. ಅವರ ದನಿ ಏರಿದ್ದನ್ನು ಆ ಮನೆಯ ಗೋಡೆಗಳು ಕೇಳಿದ್ದು ಅದೇ ಮೊದಲು.

ಸೊಸೆ ಮೆಲ್ಲಗೆ, "ಇಲ್ಲಿದ್ದ ದಾರಗಳು?" ಎಂದಳು.

"ಕಸದ ಗಾಡಿಗೆ ಹಾಕಿದೆ. ಇನ್ನೇನು ಮಾಡ್ತಾರೆ ಚೂರು ದಾರಾನ?"

"ಅದು ಗಾಳಿ, ಅತ್ತೆ. ಹಗ್ಗದ ಮೇಲಿನ ಬಟ್ಟೆಗೆ ಗಾಳಿ ಬೀಸ್ತಿರೋದು ಕಾಣಲಿ ಅಂತ ಬಿಟ್ಟಿದ್ದೆ. ಒಂದೊಂದೇ ಉದ್ದ ನೋಡಿ ಬಿಟ್ಟಿದ್ದೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಗ ವಾತಾವರಣ ತಿಳಿ ಮಾಡಲು ಹೋಗಿ, ಮುಗಿಸೋದರಲ್ಲಿ ಅಮ್ಮನದು ಎತ್ತಿದ ಕೈ ಎಂದ. ಹೆಂಡತಿ ಅವನ ಕಡೆ ಒಮ್ಮೆ ನೋಡಿದಳು. ಅವನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದ. ಅಂದು ಮಾಡಿದ ಊಟ ಹಾಗೇ ಉಳಿಯಿತು. ಯಜಮಾನರು ಮೊದಲಿನಂತೆ ಗೋಡೆ ಕಡೆ ತಿರುಗಿ ಮಲಗಿದರು.

ಬೆಳಿಗ್ಗೆ ಅಡಿಗೆಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಸೊಸೆ ಟೀ ಸೋಸಿದಳು, ಅತ್ತೆಗೂ ಒಂದು ಲೋಟ ಇಟ್ಟಳು, ಸಕ್ಕರೆ ಸರಿಯಾಗಿದೆಯೇ ಎಂದೂ ಕೇಳಿದಳು. ಆ ಮರ್ಯಾದೆಯನ್ನು ತಡೆಯುವುದಕ್ಕಿಂತ ಎರಡು ಬೈಗುಳ ತಿನ್ನುವುದು ಮೇಲು ಎನ್ನಿಸಿತು ಹೊಲಿಗೆಯಮ್ಮನಿಗೆ. ನಾನೇನು ಬೇಕೆಂದು ಕೆಡಿಸಿದೆನೇ, ಮನೆಯ ಮಾನ ಉಳಿಯಲಿ ಎಂದಲ್ಲವೇ ಮಾಡಿದ್ದು ಎಂದು ತಾನೇ ಮಾತು ತೆಗೆದಳು.

ಸೊಸೆ ಲೋಟ ತೊಳೆದು ಬೋರಲು ಹಾಕಿದಳು. ಕೈ ಒರೆಸಿಕೊಂಡು ನೇರವಾಗಿ ಅತ್ತೆಯ ಮುಖ ನೋಡಿದಳು.

"ಭಾನುವಾರ ನಿಮ್ಮ ಮಿಷನ್ನು ಯಾಕೆ ಅಷ್ಟು ಜೋರಾಗಿ ಓಡುತ್ತೆ ಅಂತ ನನಗೆ ಗೊತ್ತು ಅತ್ತೆ. ನಿಮಗೆ ಮಾವ ಬೇಕಿದ್ರೆ ಮಾವನ್ನೇ ಕೇಳಬೇಕಿತ್ತು. ನನ್ನ ಬಟ್ಟೆ ಯಾಕೆ ಕತ್ತರಿಸಿದ್ರಿ?"

ಅಷ್ಟು ಹೇಳಿ, ಡಬ್ಬಿಗೆ ಊಟ ತುಂಬಿಕೊಂಡು ಕೆಲಸಕ್ಕೆ ಹೋದಳು. ಹೊಲಿಗೆಯಮ್ಮ ತೊಳೆದಿಟ್ಟ ಲೋಟವನ್ನೇ ಮತ್ತೊಮ್ಮೆ ತೊಳೆದಳು. ಕೋಪ ಬಂತೆಂದುಕೊಂಡಳು, ಸ್ವಲ್ಪ ಹೊತ್ತು ಕಾದು ನೋಡಿದರೆ ಅದು ನಾಚಿಕೆ. ಐವತ್ತಾರರ ಹೆಂಗಸು, ಬೀದಿಗೆಲ್ಲ ಬುದ್ಧಿ ಹೇಳುವವಳು, ಗಂಡನ ಮಾತಿಗೆ ಆಸೆಪಟ್ಟು ನಾಲ್ಕು ತಿಂಗಳಿಂದ ಮಿಷನ್ನು ತುಳಿಯುತ್ತಿದ್ದದ್ದು ಸೊಸೆಗೆ ಪಾಠದ ಹಾಗೆ ಗೊತ್ತಿದೆ.

ಮಧ್ಯಾಹ್ನ ಯಜಮಾನರು ಬಂದಾಗ ಹೊಲಿಗೆಯಮ್ಮ ಕಿಟಕಿಯ ಕೆಳಗೆ ಕೂತು, ತಾನು ಹೊಡೆದ ಹೊಲಿಗೆಯನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಎಬ್ಬಿಸಿ ಬಿಚ್ಚುತ್ತಿದ್ದಳು. ಅವಳ ಹೊಲಿಗೆ ಬಿಚ್ಚುವುದು ಯಾರಿಗೂ ಸುಲಭವಲ್ಲ, ಅವಳಿಗೂ ಅಲ್ಲ. ಯಜಮಾನರು ಸ್ವಲ್ಪ ಹೊತ್ತು ನಿಂತು ನೋಡಿದರು. ಬಿಚ್ಚಿ ಏನು ಪ್ರಯೋಜನ, ದಾರ ವಾಪಸು ಬರುತ್ತದೆಯೇ ಎಂದರು. ಅವಳು ಇನ್ನೊಂದು ಹೊಲಿಗೆ ಎಬ್ಬಿಸಿದಳು. ಆಮೇಲೆ ಅವರೇ ಮಣೆ ಎಳೆದುಕೊಂಡು ಕೂತು, ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಟ್ಟರು. ಒಂದು ಬದಿ ಮುಗಿಯಿತು.

"ಯಾವತ್ತಾದ್ರೂ ನನ್ನನ್ನ ಕರೆದಿದ್ರಾ ನೀವು?" ಎಂದಳು ಹೊಲಿಗೆಯಮ್ಮ, ಬಟ್ಟೆಯಿಂದ ಕಣ್ಣೆತ್ತದೆ.

"ನೀನೆಲ್ಲಿ ಬರ್ತಿದ್ದೆ? ಯಾವಾಗ ನೋಡಿದ್ರೂ ಕೆಲಸ."

"ಬರ್ತಿದ್ನೋ ಇಲ್ವೋ, ಅದು ಆಮೇಲಿನ ಮಾತು. ಕರೆದಿದ್ರಾ?"

ಯಜಮಾನರು ಬಟ್ಟೆಯನ್ನು ಇನ್ನೊಂದಿಷ್ಟು ಬಿಗಿಯಾಗಿ ಹಿಡಿದರು. "ಇಲ್ಲ," ಎಂದರು.

ಅವಳು ನಾಲ್ಕಾರು ಹೊಲಿಗೆ ಬಿಚ್ಚಿದಳು. ಸೂಜಿಯ ಮೊನೆ ಒಮ್ಮೆ ಬೆರಳಿಗೆ ತಗುಲಿತು.

"ಭಾನುವಾರ ನಾನೂ ಬರ್ತೀನಿ. ಕರ್ಕೊಂಡು ಹೋಗಿ."

ಮೂವತ್ತು ವರ್ಷದಲ್ಲಿ ಅವಳು ಅವರನ್ನು ಅಕ್ಕಿ ಕೇಳಿದ್ದಳು, ಮಗನ ಶುಲ್ಕ ಕೇಳಿದ್ದಳು, ಸೋರುವ ನಲ್ಲಿಗೆ ಜನ ಕರೆಸಿ ಎಂದು ಕೇಳಿದ್ದಳು. ತನಗಾಗಿ ಕೇಳಿದ್ದು ಇದೊಂದೇ. ಯಜಮಾನರಿಗೆ ಅದು ತಿಳಿಯಿತೋ ಇಲ್ಲವೋ, ತಲೆಯನ್ನಂತೂ ಆಡಿಸಿದರು. ಬಸ್ಸಿನಲ್ಲಿ ಕಿಟಕಿ ಪಕ್ಕ ನೀನು ಕೂತುಕೋ, ನಿನಗೆ ತಲೆಸುತ್ತು ಬರುತ್ತದಲ್ಲ ಎಂದರು. ತನಗೆ ತಲೆಸುತ್ತು ಬರುವುದು ಈ ಮನುಷ್ಯನಿಗೆ ಗೊತ್ತಿದೆ ಎಂಬುದೇ ಹೊಲಿಗೆಯಮ್ಮನಿಗೆ ಗೊತ್ತಿರಲಿಲ್ಲ.

ಎರಡನೆಯ ಬದಿಯ ನಡುವಿನಲ್ಲಿದ್ದಾಗ ಸೊಸೆ ಕೆಲಸದಿಂದ ಬಂದಳು. ಇಬ್ಬರೂ ಮುಖಾಮುಖಿ ಕೂತದ್ದನ್ನು ಬಾಗಿಲಲ್ಲೇ ನಿಂತು ನೋಡಿ, ಚೀಲ ಕೆಳಗಿಟ್ಟು, ಬಟ್ಟೆಯ ಮೇಲೆ ಬಗ್ಗಿದಳು. ಬಿಚ್ಚಿದ ಕಡೆ ನೂಲು ಎದ್ದಿತ್ತು, ಸೂಜಿ ತೂತುಗಳ ಸಾಲು ಉಳಿದಿತ್ತು. ಬಿಚ್ಚದ ಕಡೆ ಅಂಚು ನೆಟ್ಟಗೆ ನಿಂತಿತ್ತು. ನಡುವೆ ಅತ್ತೆಯ ಸೂಜಿ ಚುಚ್ಚಿಕೊಂಡಿತ್ತು.

"ಸಾಕು, ನಿಲ್ಲಿಸಿ ಅತ್ತೆ."

"ಬೆಳಿಗ್ಗೆಯೊಳಗೆ ಬಿಚ್ಚಿಬಿಡ್ತೀನಿ ಕಣೇ. 'ಸೂಜಿ ಕೀಳಬಾರದಿತ್ತು' ಅಂತ ನಿನ್ನ ಮುಂದೆ ಒಪ್ಕೋತೀನಿ ಕೂಡ."

"ಬೇಡ. ಅರ್ಧ ಬಿಚ್ಚಿದ್ದೂ ಅರ್ಧ ಕೆಲಸವೇ ತಾನೆ. ಟೀಚರನ್ನ ಕೇಳಿ ನೋಡ್ತೀನಿ." ಅವಳು ನಗಲಿಲ್ಲ. ಬಟ್ಟೆಯನ್ನು ಮಡಿಸದೆ, ಸೂಜಿ ಅಲ್ಲಾಡದಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದಳು. ಊಟಕ್ಕೆ ಬಂದು ಕೂತಳು, ಎರಡನೆಯ ಸಲ ಬಡಿಸಿಕೊಂಡಳು ಕೂಡ, ಆದರೆ ಅತ್ತೆಯ ಜೊತೆ ಮಾತಾಡಲಿಲ್ಲ.

ಭಾನುವಾರ ಅವರು ಹತ್ತಿದ್ದು ಮಗ ಓಡಿಸುವ ಬಸ್ಸನ್ನೇ. ಅಮ್ಮ ಟಿಕೆಟ್ಟು ತೆಗೆದುಕೊಂಡಿದ್ದಾರೋ ನೋಡಿಕೋ ಎಂದು ಅವನು ಕಂಡಕ್ಟರನಿಗೆ ಕೂಗಿ ಹೇಳಿ ಬಸ್ಸಿನವರನ್ನೆಲ್ಲ ನಗಿಸಿದ. ಗ್ರಂಥಾಲಯದ ಮಹಡಿಯಲ್ಲಿ ಜನ ಸೇರಿದ್ದರು. ಅರ್ಧ ಕೆತ್ತಿದ ಮರದ ಕುದುರೆ ಉಳಿಯ ಜೊತೆ ನಿಂತಿತ್ತು. ಒಂದೇ ತೋಳಿನ ಉಣ್ಣೆಯ ಅಂಗಿ ಕಡ್ಡಿಗಳ ಸಮೇತ ತೂಗಾಡುತ್ತಿತ್ತು. ಅರ್ಧ ಹೆಣೆದು ಬಿಟ್ಟ ಬುಟ್ಟಿಯ ಕಡ್ಡಿಗಳು ಆಕಾಶ ನೋಡುತ್ತಿದ್ದವು. ಹೊಲಿಗೆಯಮ್ಮನ ಕೈ ಒಂದೇ ಸಮನೆ ತುರಿಸಿತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಸೊಸೆಯ ಬಟ್ಟೆಯನ್ನು ಗುಂಡಿ ಟೀಚರ್ ಒಪ್ಪಿಕೊಂಡಿದ್ದರು. ಆದರೆ ಅದಕ್ಕೆಂದು ಮೊದಲು ಗೊತ್ತುಮಾಡಿದ್ದ ಬಾಗಿಲ ಎದುರಿನ ದೊಡ್ಡ ಗೋಡೆ ಬೇರೆಯವರ ಪಾಲಾಗಿ, ಅದು ಮೆಟ್ಟಿಲ ಪಕ್ಕದ ಮೂಲೆಯಲ್ಲಿತ್ತು. ಗಾಳಿಯಿಲ್ಲದೆ ಪುಟ್ಟ ಅಂಗಿಗಳು ಹಗ್ಗದ ಮೇಲೆ ನೆಟ್ಟಗೆ ನಿಂತಿದ್ದವು. ಅದರ ಮುಂದೆ ನಿಂತಾಗ ಹೊಲಿಗೆಯಮ್ಮನಿಗೆ ತಾನು ಏನು ಕತ್ತರಿಸಿದೆ ಎಂಬುದು ಮೊದಲ ಸಲ ಕಣ್ಣಾರೆ ಕಂಡಿತು. ತಪ್ಪಾಯಿತು ಎಂದು ಸೊಸೆಯ ಕಡೆ ತಿರುಗಿ ಹೇಳಿದಳು. ಸೊಸೆ ಹೂಂ ಎಂದಷ್ಟೇ ಹೇಳಿ ಜನರ ನಡುವೆ ಸರಿದು ಹೋದಳು.

ಯಜಮಾನರು ಶುರು ಮಾಡಿದರು. ಮೊದಲ ಗೋಡೆಯ ಅರ್ಧ ಬಣ್ಣ ಹಚ್ಚಿದ ಚಿತ್ರದಿಂದ ಶುರು ಮಾಡಿದರು. ಈ ಹಸಿರು ಹೇಗೆ ಬಂತು ಗೊತ್ತೇ, ಹಳದಿ ಎಷ್ಟು ಪಾಲು, ನೀಲಿ ಎಷ್ಟು ಪಾಲು, ಮಳೆಗಾಲದಲ್ಲಿ ಮಸಿ ಯಾಕೆ ಬೇಗ ಒಣಗುವುದಿಲ್ಲ, ಒಂದು ಸಲ ಮುದ್ರಣಾಲಯದಲ್ಲಿ ಒಂದು ಡಬ್ಬಿ ತಪ್ಪಾಗಿ ತೆರೆದು ಏನಾಯಿತು. ಹೊಲಿಗೆಯಮ್ಮ ಒಂದೊಂದು ಮಾತನ್ನೂ ಸಕ್ಕರೆಯಂತೆ ಬಾಯಲ್ಲಿಟ್ಟುಕೊಂಡಳು. ಎರಡನೆಯ ಗೋಡೆಗೆ ಬಂದಾಗ ಆ ಡಬ್ಬಿಯ ಕಥೆ ಇನ್ನೂ ಮುಗಿದಿರಲಿಲ್ಲ. ಮೂರನೆಯ ಗೋಡೆಯ ಹೊತ್ತಿಗೆ ಮದುವೆ ಮನೆಯ ಚಪ್ಪಲಿ ಕಿರುಬೆರಳನ್ನು ಕಚ್ಚತೊಡಗಿತು. ಅವಳು ಒಂದು ಚಿತ್ರವನ್ನು ತಾನಾಗಿ ನೋಡೋಣವೆಂದು ಕತ್ತು ತಿರುಗಿಸಿದರೆ, ಅಲ್ಲಲ್ಲ, ಇಲ್ಲಿ ನೋಡು ಎಂದು ತೋಳು ಹಿಡಿದು ಎಳೆದರು.

ಟೀ ಕುಡಿದು ಬರುತ್ತೇನೆಂದು ತಪ್ಪಿಸಿಕೊಂಡು ಮೂಲೆಯ ಬೆಂಚಿಗೆ ಬಂದರೆ ಅಲ್ಲಿ ಸೊಸೆ ಕೂತಿದ್ದಳು. ಎದುರಿನ ಚಿತ್ರವೊಂದನ್ನು ಅವಳು ಒಬ್ಬಳೇ, ಸುಮ್ಮನೆ, ಬಹಳ ಹೊತ್ತಿನಿಂದ ನೋಡುತ್ತಿದ್ದಂತಿತ್ತು. ಅತ್ತೆ ಚಪ್ಪಲಿ ಕಳಚಿ ಪಾದ ತಿಕ್ಕಿಕೊಳ್ಳುವುದನ್ನು ನೋಡಿ ಅವಳ ತುಟಿಯ ಅಂಚು ಅಲ್ಲಾಡಿತು.

"ಡಬ್ಬಿ ಕಥೆ ಆಯ್ತಾ?"

"ಇನ್ನೂ ಮುಚ್ಚಳ ತೆಗೀತಿದ್ದಾರೆ."

"ಅದನ್ನ ನಾನು ಹದಿನೈದು ಸಲ ಕೇಳಿದ್ದೀನಿ ಅತ್ತೆ. ನಾಲ್ಕು ತಿಂಗಳಲ್ಲಿ ಇವತ್ತೇ ಮೊದಲು, ಒಂದು ಚಿತ್ರವನ್ನ ನಾನೊಬ್ಬಳೇ ಸದ್ದಿಲ್ಲದೆ ನೋಡಿದ್ದು."

ಹೊಲಿಗೆಯಮ್ಮನಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇದಕ್ಕೋ ಇಷ್ಟು ದಿನ ಹೊಟ್ಟೆ ಉರಿಸಿಕೊಂಡದ್ದು ಎನ್ನಿಸಿತು. ಟೀ ಬಿಸಿಯಾಗಿತ್ತು, ಬೆಂಚು ಹಿತವಾಗಿತ್ತು, ಸೊಸೆ ಸರಿದು ಜಾಗ ಕೊಟ್ಟಿದ್ದಳು. ಇನ್ನು ಸಂಜೆಯವರೆಗೆ ಇಲ್ಲೇ ಕೂತರಾಯಿತು ಎಂದುಕೊಳ್ಳುತ್ತಾ ಲೋಟ ಬಾಯಿಗಿಟ್ಟಳು.

ಆಗ, ಮೂರನೆಯ ಗೋಡೆಯ ಬಳಿ ಒಂಟಿಯಾಗಿ ನಿಂತಿದ್ದ ಯಜಮಾನರ ಹತ್ತಿರ, ಕೊರಳಿಗೆ ದಪ್ಪ ಮಣಿಗಳ ಸರ ಹಾಕಿಕೊಂಡ ಹೆಂಗಸೊಬ್ಬಳು ಬಂದು ಚಿತ್ರವನ್ನು ತೋರಿಸಿ ಏನೋ ಕೇಳಿದಳು. ಯಜಮಾನರ ಮುಖ ಅರಳಿತು. ಕೈ ಮೇಲೆದ್ದಿತು. ಹೆಂಗಸು, ಹೌದಾ, ಆಮೇಲೆ ಎಂದದ್ದು ಬೆಂಚಿನವರೆಗೂ ಕೇಳಿಸಿತು.

ಹೊಲಿಗೆಯಮ್ಮ ಲೋಟ ಕೆಳಗಿಟ್ಟಳು. ಕಚ್ಚುವ ಚಪ್ಪಲಿಯನ್ನು ಮತ್ತೆ ಕಾಲಿಗೇರಿಸಿದಳು. ಕುಂಟುತ್ತಾ, ಆದರೆ ಬೇಗಬೇಗ, ಜನರನ್ನು ಮೊಣಕೈಯಿಂದ ಸರಿಸುತ್ತಾ ಹೋಗಿ ಗಂಡನಿಗೂ ಆ ಮಣಿಸರಕ್ಕೂ ನಡುವೆ ನಿಂತಳು.

"ರೀ, ಆ ಡಬ್ಬಿ ವಿಷಯ ಹೇಳ್ತಿದ್ರಲ್ಲ, ಹೇಳಿ," ಎಂದಳು.

ಯಜಮಾನರು ಮೊದಲಿನಿಂದ ಶುರು ಮಾಡಿದರು.